ಕರಗದ ಐಸಿಗೊಂದು ಸಹಿ

ಅಣ್ಣನ ಆಫೀಸಿನಲ್ಲಿ ಕೈಯಿರುವ ಕುರ್ಚಿ ಒಂದೂ ಇರಲಿಲ್ಲ. ಕೈಯಿದ್ದರೆ ಜನ ಒರಗುತ್ತಾರೆ, ಒರಗಿದರೆ ಮಾತಿಗಿಳಿಯುತ್ತಾರೆ, ಮಾತಿಗಿಳಿದರೆ ಹೊತ್ತು ಹಾಳು ಎಂಬುದು ಅವನ ಸಿದ್ಧಾಂತ. ಬಂದವರಿಗೆ ನೀರು ಕೊಡುವುದನ್ನೂ ಇದೇ ತರ್ಕದ ಮೇಲೆ ನಿಲ್ಲಿಸಿದ್ದ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಮುಂದೊಂದು ಹಜಾರ, ಹಜಾರದ ಗೋಡೆಗೆ ದೊಡ್ಡದೊಂದು ಪರದೆ. ಯಾವ ಫೈಲು ಯಾರ ಮೇಜಿನಲ್ಲಿ ಎಷ್ಟು ಹೊತ್ತಿನಿಂದ ಕೂತಿದೆ ಎಂಬುದು ಆ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಹಸಿರಾದರೆ ಸರಿ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಆ ಮೇಜಿನವರ ಮುಖವೂ ಕೆಂಪಾಗಬೇಕು. ಸಿಬ್ಬಂದಿ ಅವನಿಗೆ ‘ಚಕಚಕ ಸಾರ್’ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವನು ಸಿಟ್ಟಾಗುವ ಬದಲು ಹಿಗ್ಗಿದ. ಇಂಥವರಿಗೆ ಬೈದರೂ ಹೊಗಳಿದ ಹಾಗೇ ಕೇಳಿಸುತ್ತದೆ ಎಂದು ಅವನ ತಂಗಿ ಅಂದುಕೊಂಡಳು.

ತಂಗಿಯೂ ಆಡಿಟರೇ, ಆ ಆಫೀಸಿನ ಎರಡನೆಯ ಪಾಲುದಾರಳು. ಸಿಬ್ಬಂದಿಗೆ ಮೇಡಂ, ಅಣ್ಣನಿಗೆ ಮಾತ್ರ ತಲೆ ನರೆತರೂ ‘ಪುಟ್ಟಿ’. ಅಣ್ಣ ಆಡಿಟರ್ ಪರೀಕ್ಷೆಯನ್ನು ಒಂದೇ ಏಟಿಗೆ ಮುಗಿಸಿದವನು. ಇವಳು ಬಿದ್ದು, ಎದ್ದು, ಮತ್ತೆ ಬಿದ್ದು, ನೆಂಟರಿಷ್ಟರೆಲ್ಲ ‘ಸಾಕು ಬಿಡೇ, ಯಾರನ್ನಾದರೂ ಕಟ್ಟಿಕೋ’ ಎಂದು ಕೈಬಿಟ್ಟ ಮೇಲೆ ಪಾಸಾದವಳು. ಸರ್ಟಿಫಿಕೇಟು ಬಂದ ದಿನ ಒಂದು ಬಿಳಿ ಹಾಳೆಯ ಎರಡೂ ಬದಿಗೆ ಬರೀ ಸಹಿ ಹಾಕಿ ನೋಡಿದ್ದಳು. ಆ ಸಹಿಗೆ ಒಂದು ತೂಕ ಬಂದಿದೆ, ಅದನ್ನು ನೋಡಿ ಗುರುತು ಪರಿಚಯ ಇಲ್ಲದವರೂ ಒಂದು ಲೆಕ್ಕವನ್ನು ನಂಬುತ್ತಾರೆ ಎಂಬುದು ಅವಳ ಬದುಕಿನ ಏಕೈಕ ಜಂಬ. ಉಳಿದ ಜಂಬಗಳನ್ನೆಲ್ಲ ಅಣ್ಣ ಯಾವತ್ತೋ ಗುಡಿಸಿಹಾಕಿದ್ದ.

ಆಡಿಟ್ ಎಂದರೆ ಒಂದೇ ಮಾತಿನಲ್ಲಿ ನಂಬದೆ ಇರುವ ಕೆಲಸ. ಲೆಕ್ಕ ನೋಡುವವನು ಅಂಗಡಿಯವನನ್ನು ನಂಬಬಾರದು. ಅವನ ಫೈಲನ್ನು ಪರಿಶೀಲಿಸುವವರು ಅವನನ್ನೂ ನಂಬಬಾರದು. ‘ಇದು ಎಲ್ಲಿ ನೋಡಿದೆ, ಹೇಗೆ ನೋಡಿದೆ’ ಎಂದು ಪ್ರಶ್ನೆ ಬರೆದು, ಉತ್ತರ ತರಿಸಿಕೊಂಡು, ಸಮಾಧಾನವಾದ ಮೇಲಷ್ಟೇ ಸಹಿ. ಆ ಆಫೀಸಿನಲ್ಲಿ ಪರಿಶೀಲನೆ ತಂಗಿಯ ಪಾಲಿನದು. ಆದರೆ ಪ್ರಶ್ನೆ ಬರೆಯುತ್ತ ಕೂತರೆ ಪರದೆ ಕೆಂಪಾಗುತ್ತದಲ್ಲ! ಅಣ್ಣ ಅದಕ್ಕೂ ಮದ್ದು ಅರೆದ. ವರ್ಷವರ್ಷವೂ ಬರುವುದು ಅವವೇ ಪ್ರಶ್ನೆಗಳು ತಾನೆ? ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಬಿಟ್ಟ. ಪ್ರಶ್ನೆ ಇದ್ದ ಮೇಲೆ ಉತ್ತರವೂ ಇರಲಿ ಎಂದು ಉತ್ತರಗಳನ್ನೂ ತುಂಬಿಸಿದ. ಹೀಗೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಟ್ಟದ್ದಾಯಿತು. ಫೈಲು ತೆರೆದ ದಿನವೇ ಪ್ರಶ್ನೆಯೂ ಉತ್ತರವೂ ಜೋಡಿಯಾಗಿ ಬಂದು ಕೂರುತ್ತಿದ್ದವು. ಗುಮಾಸ್ತ ಸರಕಿನ ಹೆಸರನ್ನು ಬದಲಾಯಿಸಿದರೆ ಮುಗಿಯಿತು. ಗೋಡೌನಿಗೆ ಹೋಗಿ ದಾಸ್ತಾನು ನೋಡುವ ಹಳೇ ಚಾಳಿಯನ್ನೂ ನಿಲ್ಲಿಸಿದ. ಮಾಲೀಕರೇ ಫೋಟೋ ತೆಗೆದು ಕಳಿಸಬೇಕು. ಕಳ್ಳನ ಕೈಲೇ ಬೀಗದ ಕೈ ಕೊಟ್ಟು, ‘ಬಾಗಿಲು ಹಾಕಿದೆಯಾ ಅಂತ ನೀನೇ ನೋಡಿ ಹೇಳಪ್ಪಾ’ ಎನ್ನುವ ಈ ಪದ್ಧತಿಯ ಬಗ್ಗೆ ಅಣ್ಣ ಬೇರೆ ಆಡಿಟರುಗಳ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದ. ‘ಸಣ್ಣ ಆಫೀಸು, ದೊಡ್ಡ ವೇಗ’ ಎಂಬುದು ಭಾಷಣದ ಹೆಸರು. ಬುದ್ಧಿವಂತರೆನ್ನಿಸಿಕೊಂಡವರು ಅದನ್ನು ಬರೆದುಕೊಳ್ಳುತ್ತಿದ್ದರು.

ತಂಗಿ ಇದನ್ನೆಲ್ಲ ಮನಸ್ಸಿನಲ್ಲೇ ಆಡಿಕೊಂಡು ನಗುತ್ತಿದ್ದಳು. ಹಾಗಂತ ಎದ್ದು ನಿಂತು ಬೇಡವೆಂದವಳೂ ಅಲ್ಲ. ಫೈಲು ಬಂದರೆ ಮೇಲಿನ ಪುಟ, ಕೆಳಗಿನ ಪುಟ ನೋಡುವುದು, ‘ಒಪ್ಪಿದೆ’ ಎಂಬ ಗುಂಡಿ ಒತ್ತುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುವುದು. ಬೇರೆ ಆಫೀಸುಗಳಲ್ಲಿ ವರ್ಷದ ಲೆಕ್ಕ ಮುಗಿಸುವ ಕಾಲಕ್ಕೆ ಆಡಿಟರುಗಳ ಕಣ್ಣು ಗುಳಿಬಿದ್ದಿರುತ್ತವೆ. ಇವಳ ಕಣ್ಣು ಚೆನ್ನಾಗಿಯೇ ಇದ್ದವು, ಅಷ್ಟಾಗಿ ಬಳಸದಿದ್ದುದರಿಂದ.

ಹೀಗಿರುವಾಗ ಒಂದು ದಿನ ಐಸ್ ಸಾಹುಕಾರನ ಫೈಲು ಬಂತು. ಐಸ್ ತಯಾರಿಸುವ ಫ್ಯಾಕ್ಟರಿ ಅವನದು; ಬ್ಯಾಂಕಿನಲ್ಲಿ ದೊಡ್ಡ ಸಾಲಕ್ಕೆ ಅರ್ಜಿ ಹಾಕಿದ್ದ, ಅದಕ್ಕೆ ಆಡಿಟ್ ವರದಿ ಬೇಕಿತ್ತು. ಮಧ್ಯಾಹ್ನದ ಊಟ ಮಾಡಿ ತೂಕಡಿಕೆ ಬರುತ್ತಿದ್ದ ತಂಗಿ ಗುಂಡಿ ಒತ್ತುವುದರಲ್ಲಿದ್ದಳು. ನಿದ್ದೆ ಹೋಗಲೆಂದು ಒಂದು ಪ್ರಶ್ನೆ ಓದಿದಳು. ‘ದಾಸ್ತಾನಿನಲ್ಲಿ ಹಳೆಯ ಸರಕು ಇದೆಯೇ? ಇದ್ದರೆ ಅದರ ಸ್ಥಿತಿ ಹೇಗಿದೆ?’ ಅದರ ಕೆಳಗೆ ಉತ್ತರ: ‘ಇದೆ. ಐಸ್ ಗಡ್ಡೆಗಳು ಎರಡು ವರ್ಷದಿಂದ ಮಾರಾಟವಾಗದೆ ಉಳಿದಿವೆ. ಸ್ಥಿತಿ ಉತ್ತಮವಾಗಿದೆ. ಬಿಸಿಲಿಗೆ ಇಟ್ಟರೂ ಬಣ್ಣ ಮಾಸುವುದಿಲ್ಲ. ನಾವು ಕಣ್ಣಾರೆ ಕಂಡು ಎಣಿಸಿದ್ದೇವೆ.’

ಅವಳಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು ನಕ್ಕು, ಕಣ್ಣೊರೆಸಿಕೊಂಡು, ಹಿರಿಯ ಗುಮಾಸ್ತನನ್ನು ಕರೆದಳು.

“ಏನ್ರೀ ಇದು? ಐಸು ಎರಡು ವರ್ಷದಿಂದ ಕರಗದೆ ಕೂತಿದೆಯಾ?”

ಗುಮಾಸ್ತ ಓದಿ, ತಲೆ ಕೆರೆದುಕೊಂಡ. “ಅದು ಟೈಲ್ಸ್ ಅಂಗಡಿ ಫೈಲಿನ ಉತ್ತರ ಮೇಡಂ. ಟೈಲ್ಸ್ ಅಂತ ಇದ್ದಲ್ಲಿ ಐಸ್ ಅಂತ ಹಾಕಿದ್ದೀವಿ.”

“ಕಣ್ಣಾರೆ ಕಂಡೋರು ಯಾರು?”

“ಫೋಟೋ ಕಂಡಿದ್ದೀನಿ ಮೇಡಂ.”

ಫೋಟೋ ತರಿಸಿ ನೋಡಿದಳು. ಬೆಳ್ಳಗಿನ ಗಡ್ಡೆಗಳ ಸಾಲು, ಅದರ ಮುಂದೆ ಒಂದು ಕಾಲೆತ್ತಿ ಪಾದ ತುರಿಸಿಕೊಳ್ಳುತ್ತಿರುವ ಒಬ್ಬ ಕೂಲಿಯವ. ಹಿಂದಿನ ವರ್ಷದ ಫೈಲು ತೆಗೆಸಿದಳು. ಅಲ್ಲೂ ಅವನೇ, ಅದೇ ಕಾಲೆತ್ತಿ ತುರಿಸಿಕೊಳ್ಳುತ್ತಿದ್ದ. ಅದರ ಹಿಂದಿನ ವರ್ಷವೂ ಅವನ ತುರಿಕೆ ನಿಂತಿರಲಿಲ್ಲ. ಆ ಎರಡೂ ಹಳೇ ಫೈಲಿನ ಮೇಲೆ ‘ಒಪ್ಪಿದೆ’ ಎಂದಿತ್ತು, ಒಪ್ಪಿದವಳ ಹೆಸರು ಇವಳದೇ. ಇಷ್ಟಾದ ಮೇಲೆ ನಗು ತಾನಾಗಿ ನಿಂತಿತು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗದೆ ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋದಳು. ಊರಾಚೆ ಗುಜರಿ ಅಂಗಡಿಗಳ ಸಾಲಿನ ಹಿಂದೆ ತಗಡಿನ ಚಾವಣಿಯ ಕಟ್ಟಡ. ಬಾಗಿಲಿಗೆ ಬೀಗವಿರಲಿಲ್ಲ, ಹಗ್ಗ ಕಟ್ಟಿತ್ತು. ಬಿಚ್ಚಿ ಒಳಗೆ ಹೋದರೆ ನೆಲ ಒಣಗಿ ಬಿರುಕು ಬಿಟ್ಟಿದೆ. ನೀರು ಹೆಪ್ಪುಗಟ್ಟಿಸುವ ದೊಡ್ಡ ತೊಟ್ಟಿಯ ತುಂಬ ಹಳೆಯ ಟೈರುಗಳು. ಯಂತ್ರವಿದ್ದ ಜಾಗದಲ್ಲಿ ನೆಲಕ್ಕೆ ಹೂತ ನಾಲ್ಕು ಬೋಲ್ಟುಗಳು ಮಾತ್ರ ಉಳಿದಿದ್ದವು. ಒಂದು ನಾಯಿ ಟೈರಿನೊಳಗೆ ಮರಿ ಹಾಕಿ ಮಲಗಿತ್ತು. ಅವಳನ್ನು ಕಂಡು ಬೊಗಳುವ ಗೋಜಿಗೂ ಹೋಗಲಿಲ್ಲ. ಯಾರೋ ನೋಡಿ ಹೇಳಿರಬೇಕು, ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಐಸ್ ಸಾಹುಕಾರ ಬಂದ.

“ಏನ್ ಮೇಡಂ, ನೀವು ಇಲ್ಲೀತನಕ ಯಾಕೆ ಬರೋಕೆ ಹೋದ್ರಿ? ಒಂದು ಫೋನ್ ಮಾಡಿದ್ರೆ ಫೋಟೋ ಕಳಿಸ್ತಿದ್ನಲ್ಲ.”

“ಐಸ್ ಎಲ್ರೀ?”

“ಬೇಸಿಗೆ ಅಲ್ವಾ ಮೇಡಂ, ನಿಲ್ಲಲ್ಲ.”

“ಯಂತ್ರ?”

“ರಿಪೇರಿಗೆ ಹೋಗಿದೆ.”

“ಬೋಲ್ಟ್ ಇಲ್ಲೇ ಬಿಟ್ಟು ಹೋಗಿದೆಯಲ್ಲ.”

ಸಾಹುಕಾರನಿಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. ಕೆಲವರಿಗೆ ಸಿಕ್ಕಿಬಿದ್ದಾಗಲೇ ನಾಲಿಗೆ ಸಲೀಸಾಗಿ ಹೊರಳುತ್ತದೆ. “ನೋಡಿ ಮೇಡಂ, ಮುಚ್ಚುಮರೆ ಯಾಕೆ. ಯಂತ್ರ ಮಾರಿದೆ. ಸಾಲ ಬಂದ್ರೆ ಹೊಸದು ತರ್ತೀನಿ. ಸಾಲ ಬರಬೇಕಾದ್ರೆ ನಿಮ್ಮ ವರದಿ ಬೇಕು. ವರದಿ ಬರಬೇಕಾದ್ರೆ ಯಂತ್ರ ಬೇಕು ಅಂತೀರಿ. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ. ನಾನೇನು ಮಾಡ್ಲಿ, ನೀವೇ ಹೇಳಿ.”

“ಸಾಲಕ್ಕೆ ಜಾಮೀನು ಯಾರು?”

“ನಮ್ಮಕ್ಕ. ಆಸ್ಪತ್ರೇಲಿ ನರ್ಸಾಗಿದ್ದು ರಿಟೈರ್ ಆಗಿದ್ದಾಳೆ. ಒಂದು ಮನೆ ಮಾಡ್ಕೊಂಡಿದ್ದಾಳೆ, ಅದನ್ನ ಇಡಬೇಕು. ಬಹಳ ಗಟ್ಟಿ ಹೆಂಗಸು ಮೇಡಂ! ಒಡಹುಟ್ಟಿದ ತಮ್ಮ ಕಾಲಿಗೆ ಬಿದ್ರೂ ಕರಗಲಿಲ್ಲ. ಮೊದಲು ಆಡಿಟರ್ ಸಹಿ ಹಾಕ್ಲಿ, ಆಮೇಲೆ ನಾನು ಹಾಕ್ತೀನಿ ಅಂತ ಕೂತಿದ್ದಾಳೆ.” ಅವನು ದನಿ ತಗ್ಗಿಸಿದ. “ನಿಮ್ಮಣ್ಣನ ಹತ್ರ ಎಲ್ಲಾ ಮಾತಾಡಿದ್ದೀನಿ. ಅವರು ಬಹಳ ಪ್ರಾಕ್ಟಿಕಲ್ ಮನುಷ್ಯ.”

ಬಸ್ಸಿನಲ್ಲಿ ವಾಪಸು ಬರುವಾಗ ತಂಗಿಯ ತಲೆಯಲ್ಲಿ ಬೇರೇನೂ ಇರಲಿಲ್ಲ, ಆ ಕಾಣದ ನರ್ಸಮ್ಮನ ಮನೆ ಒಂದೇ. ತನ್ನ ಸಹಿ ಬಿದ್ದರೆ ಆ ಹೆಂಗಸಿನ ಸಹಿಯೂ ಬೀಳುತ್ತದೆ, ಆ ಸಹಿ ಬಿದ್ದರೆ ಒಂದಲ್ಲ ಒಂದು ದಿನ ಮನೆ ಹರಾಜಾಗುತ್ತದೆ. ಇಷ್ಟು ಸರಳವಾದ ಲೆಕ್ಕವನ್ನು ಅವಳು ಪರೀಕ್ಷೆಯಲ್ಲೂ ಬಿಡಿಸಿರಲಿಲ್ಲ.

ಅಣ್ಣ ಎತ್ತರದ ಮೇಜಿನ ಮುಂದೆ ನಿಂತೇ ಕೆಲಸ ಮಾಡುತ್ತಿದ್ದ. ಕೂತರೆ ಸೋಮಾರಿತನ ಬರುತ್ತದಂತೆ. ತಂಗಿ ಹೇಳಿದ್ದನ್ನೆಲ್ಲ ಪರದೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ.

“ನೀನು ಅಲ್ಲಿಗೆ ಹೋಗಿದ್ದೇ ತಪ್ಪು ಪುಟ್ಟಿ. ಹಾಳಾದ ಅರ್ಧ ದಿನಾನ ಯಾವ ಫೈಲಿಗೆ ಹಾಕ್ಲಿ ಈಗ?”

“ಅಣ್ಣ, ಅಲ್ಲಿ ಐಸಿಲ್ಲ, ಯಂತ್ರ ಇಲ್ಲ. ಟೈರಿದೆ.”

“ಟೈರೂ ದಾಸ್ತಾನೇ ತಾನೆ?”

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಆಫೀಸು ಇದು. ಎಷ್ಟು ಕರು ಅಂತ ಬೇರೆ ಬರ್ಕೋತೀವಿ. ನಾಚಿಕೆ ಆಗಲ್ವಾ ನಿಂಗೆ?”

“ನೋಡು, ಬ್ಯಾಂಕಿನೋರು ಅವರೇ ಬಂದು ನೋಡ್ಕೋತಾರೆ. ಎಲ್ಲಾ ನಾವೇ ನೋಡಬೇಕು ಅಂದ್ರೆ ಈ ಆಫೀಸು ನಡೆಯಲ್ಲ.”

“ಬ್ಯಾಂಕಿನೋರು ನಾವು ನೋಡಿದ್ದೀವಿ ಅಂತ ಬರಲ್ಲ. ನಾವು ಅವರು ನೋಡ್ತಾರೆ ಅಂತ ಹೋಗಲ್ಲ. ಮಧ್ಯದಲ್ಲಿ ಮನೆ ಕಳ್ಕೊಳ್ಳೋಳು ಆ ನರ್ಸಮ್ಮ. ನಾನು ಇದಕ್ಕೆ ಸಹಿ ಹಾಕಲ್ಲ.”

“ಕೋಪ ಮಾಡ್ಕೋಬೇಡ. ಮಲಗಿ ಎದ್ದು ಯೋಚನೆ ಮಾಡು.”

“ತಲೆಕೆಳಗಾಗಿ ನಿಂತ್ರೂ ಹಾಕಲ್ಲ!”

“ಆಯ್ತು ಬಿಡು,” ಅಂದ ಅಣ್ಣ. ಅಷ್ಟೇ. ಗದರಲಿಲ್ಲ, ಎಷ್ಟು ಸಲ ಫೇಲಾಗಿದ್ದೆ ಎಂಬ ಹಳೇ ರಾಗ ಎಳೆಯಲಿಲ್ಲ.

ಆ ಕೋಣೆಯಿಂದ ಹೊರಗೆ ಬಂದಾಗ ತಂಗಿಯ ಎದೆ ಉಬ್ಬಿತ್ತು. ಹಜಾರದ ಪರದೆಯಲ್ಲಿ ಐಸ್ ಸಾಹುಕಾರನ ಫೈಲು ತನ್ನ ಹೆಸರಿನ ಮುಂದೆ ಕೆಂಪಗೆ ಉರಿಯುವುದನ್ನು ಕಂಡು, ಜನ್ಮದಲ್ಲಿ ಮೊದಲ ಸಲ ಒಂದು ಬಣ್ಣ ತನ್ನದೆನ್ನಿಸಿತು. ಮರುದಿನ ನೋಡಿದರೆ ಫೈಲೇ ಪರದೆಯಿಂದ ಮಾಯ. ಅಣ್ಣ ಬಾಲ ಮುದುರಿಕೊಂಡು ಆ ಕೆಲಸವನ್ನೇ ಕೈಬಿಟ್ಟ ಎಂದು ತಿಳಿದು, ಒಂದು ವಾರವಿಡೀ ಗೆದ್ದ ಹುಂಜದ ಹಾಗೆ ಕತ್ತೆತ್ತಿಕೊಂಡು ಓಡಾಡಿದಳು. ಗುಮಾಸ್ತರಿಗೆ ನಿಷ್ಠೆಯ ಬಗ್ಗೆ ಉಪದೇಶ ಮಾಡಿದಳು. ಅವರು ‘ಹೂಂ ಮೇಡಂ’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಗೌರವ ಎಂದುಕೊಂಡಳು.

ಮನೆಯಲ್ಲಿ ಗಂಡ, ಔಷಧಿ ಅಂಗಡಿಯವನು, ಈ ಕತೆಯನ್ನು ಮೂರನೆಯ ಸಲ ಕೇಳುತ್ತ ತಟ್ಟೆ ತೊಳೆಯುತ್ತಿದ್ದ.

“ನಿಮ್ಮಣ್ಣ ಜಗಳಾನೇ ಆಡಲಿಲ್ವಾ?”

“ಎಲ್ಲಿ ಆಡ್ತಾನೆ? ಬಾಯಿ ಮುಚ್ಕೊಂಡ.”

“ಅವನು ಬಾಯಿ ಮುಚ್ಚಿದ ಅಂದ್ರೆ ಕೆಲಸ ಮುಗೀತು ಅಂತ ಅರ್ಥ ಕಣೇ,” ಅಂದ ಗಂಡ. ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎಂದು ಇವಳು ಮುಖ ತಿರುಗಿಸಿದಳು.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಗಿಡ್ಡನೆಯ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಇವಳ ಕೋಣೆಯ ಬಾಗಿಲಲ್ಲಿ ನಿಂತರು. ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು, ಕಂಕುಳಲ್ಲಿ ಕೈಚೀಲ.

“ಬಾಗಿಲ ಮೇಲಿರೋ ಹೆಸರಿನ ಆಡಿಟರ್ ನೀವೇನಾ ಅಮ್ಮ? ನಾನು ಐಸ್ ಫ್ಯಾಕ್ಟರಿಯವನ ಅಕ್ಕ.”

ತಂಗಿ ಎದ್ದು ನಿಂತು, ಕುರ್ಚಿ ಎಳೆದು ಕೂರಿಸಿದಳು. ಆಫೀಸಿನ ನಿಯಮ ಮುರಿದು, ತಾನೇ ಹೋಗಿ ಬಾಟಲಿಯಿಂದ ನೀರು ಬಗ್ಗಿಸಿ ತಂದುಕೊಟ್ಟಳು. ತನ್ನಿಂದ ಮನೆ ಉಳಿಸಿಕೊಂಡವರು ಆಫೀಸಿನ ಬಾಗಿಲಿಗೇ ಬಂದು ಕೈಮುಗಿಯುವುದು ಎಷ್ಟು ಜನರ ಅದೃಷ್ಟದಲ್ಲಿರುತ್ತದೆ? ಅವಳು ಮುಖದಲ್ಲಿ ವಿನಯ ತಂದುಕೊಂಡು ಕಾದಳು.

“ಒಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ,” ಅಂದರು ನರ್ಸಮ್ಮ ನೀರು ಕುಡಿದು. “ನಾನು ಯಾರೇ ಏನೇ ಹೇಳಿದ್ರೂ ಸಹಿ ಹಾಕೋಳಲ್ಲ. ನಿಮ್ಮ ವರದಿ ಬಂತು, ಒಂದೊಂದು ಸಾಲೂ ಓದಿದೆ. ‘ನಾವೇ ಕಣ್ಣಾರೆ ಕಂಡಿದ್ದೇವೆ’ ಅಂತ ಬರೆದಿದ್ರಿ ನೋಡಿ, ಆಗ ಧೈರ್ಯ ಬಂತು. ಇವತ್ತು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ನಾನೂ ಹಾಕಿಬಂದೆ.”

ತಂಗಿಗೆ ತಕ್ಷಣಕ್ಕೆ ಅರ್ಥವಾಗಲಿಲ್ಲ. “ಯಾವ ವರದಿ?” ಅಂದಳು.

ನರ್ಸಮ್ಮ ಕೈಚೀಲದಿಂದ ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಕೊನೆಯ ಪುಟದ ಕೆಳಗೆ, ಚೌಕದೊಳಗೆ, ಡಿಜಿಟಲ್ ಸಹಿ. ತಂಗಿಯ ಪೂರ್ತಿ ಹೆಸರು, ಆಡಿಟರುಗಳ ಸಂಸ್ಥೆ ಅವಳಿಗೆ ಕೊಟ್ಟ ಸದಸ್ಯತ್ವದ ಸಂಖ್ಯೆ. ತಾರೀಖು ಅವಳು ತಲೆಕೆಳಗಾಗಿ ನಿಂತರೂ ಹಾಕುವುದಿಲ್ಲ ಎಂದು ಕೂಗಾಡಿದ ದಿನದ್ದೇ. ಅಂದರೆ ಅವಳು ಎದೆಯುಬ್ಬಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿದ್ದಾಗಲೇ ಅವಳ ಸಹಿ ಅವಳಿಗಿಂತ ಮುಂಚೆ ಬ್ಯಾಂಕು ಸೇರಿತ್ತು.

“ಒಂದು ನಿಮಿಷ ಕೂತಿರಿ,” ಎಂದು ಅಣ್ಣನ ಕೋಣೆಗೆ ನುಗ್ಗಿದಳು. ಜೆರಾಕ್ಸ್ ಪ್ರತಿಯನ್ನು ಅವನ ಮೂಗಿನ ಮುಂದೆ ಹಿಡಿದಳು.

ಅಣ್ಣ ಒಮ್ಮೆ ನೋಡಿ, ಡ್ರಾಯರ್ ಎಳೆದು ಒಂದು ಬಿಸ್ಕತ್ತಿನ ಡಬ್ಬಿ ತೆಗೆದ. ಅದರೊಳಗೆ ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲುಗಳು. ಈಗ ಸಹಿ ಎಂದರೆ ಇದೇ. ಇದನ್ನು ಸಿಕ್ಕಿಸಿ ಪಿನ್ ನಂಬರು ಒತ್ತಿದರೆ ಯಾರ ಹೆಸರಿನ ಡಾಂಗಲೋ ಅವರು ಸಹಿ ಹಾಕಿದಂತೆ. ಕಾನೂನಿನ ಪ್ರಕಾರ ಅದು ಅವರವರ ಬಳಿಯೇ ಇರಬೇಕು, ಪಿನ್ ಇನ್ನೊಬ್ಬರಿಗೆ ಹೇಳಲೇಬಾರದು. ಅಣ್ಣ ಒಂದನ್ನು ಆರಿಸಿ ತಂಗಿಯ ಅಂಗೈ ಮೇಲಿಟ್ಟ. ಅದರ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ ಪಿನ್ ನಂಬರು. ದುಂಡು ಅಕ್ಷರ, ಅವಳದೇ.

“ಯಾರು ಬರೆದದ್ದು ಅಂತ ನೋಡ್ಕೋ,” ಅಂದ. “ಪ್ರತಿ ಫೈಲಿಗೂ ನನ್ನ ಕರೀಬೇಡಿ, ನೀವೇ ಹಾಕ್ಕೊಳ್ಳಿ, ನಂಗೆ ಬೇಗ ಮನೆಗೆ ಹೋಗಬೇಕು ಅಂದೋಳು ಯಾರು? ನಾನು ಕಿತ್ಕೊಂಡ್ನಾ?”

“ನಾನು ಒಪ್ಪಿದ್ದೇನೆ ಅಂತ ಒತ್ತಿದ್ರೆ ತಾನೆ ಹಾಕೋದು?”

“ನೀನು ಒತ್ತಲಿಲ್ಲ. ಕೆಂಪಾಗಿತ್ತು. ನಾನು ಒತ್ತಿದೆ.” ಅವನ ದನಿಯಲ್ಲಿ ಕೆಡುಕೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ, ಸೋರುವ ನಲ್ಲಿ ನಿಲ್ಲಿಸಿದವನ ದನಿ ಅದು. “ಇಷ್ಟು ವರ್ಷದಿಂದ ಇಷ್ಟು ಫೈಲು ಹೋಯ್ತಲ್ಲ, ಒಂದಕ್ಕಾದ್ರೂ ನಿನ್ನ ಸಹಿ ಎಲ್ಲಿ ಬಿತ್ತು ಅಂತ ಬಂದು ನೋಡಿದ್ಯಾ? ಇವತ್ತು ಒಂದು ಐಸಿಗೆ ಮಾತ್ರ ನಿನ್ನ ಸಹಿ ಅಷ್ಟು ಮಡಿಯಾಗಿಬಿಡ್ತಾ?”

“ನಾನು ಹೇಳ್ತೀನಿ. ಇದು ನನ್ನದಲ್ಲ ಅಂತ ಬ್ಯಾಂಕಿಗೆ ಹೋಗಿ ಹೇಳ್ತೀನಿ.”

“ಹೇಳು. ಡಾಂಗಲ್ ಇನ್ನೊಬ್ಬರ ಕೈಗೆ ಕೊಟ್ಟಿದ್ದಕ್ಕೆ ಮೊದಲು ನಿನ್ನ ಲೈಸೆನ್ಸೇ ಕಿತ್ಕೋತಾರೆ. ಆಮೇಲೆ ನನ್ನದು. ನಾನು ಹೆಂಗೋ ಬದುಕ್ತೀನಿ, ಭಾಷಣ ಮಾಡ್ಕೊಂಡಾದ್ರೂ. ನೀನು ಆ ಪರೀಕ್ಷೆ ಇನ್ನೊಂದು ಸಲ ಬರೀತೀಯಾ?”

ತಂಗಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅವನು ಆಡಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಕಳ್ಳತನ ಅವನದು, ನಿಜ. ಕಳ್ಳನಿಗೆ ಬಾಗಿಲು ತೆಗೆದು, ದೀಪ ಹಚ್ಚಿಟ್ಟು, ನಿದ್ದೆ ಬರುತ್ತಿದೆ ಎಂದು ಮಲಗಲು ಹೋದವಳು ತಾನು. ಇಷ್ಟು ವರ್ಷ ಈ ಆಫೀಸನ್ನು ನೋಡಿ ನಕ್ಕದ್ದೇ ನಕ್ಕದ್ದು. ಆ ನಗುವಿಗೆ ಕೂಲಿಯಾಗಿ ಸಂಜೆ ಬೇಗ ಮನೆ ಸೇರಿದ್ದಾಯಿತು. ಅಣ್ಣನನ್ನು ಕಂಡರೆ ಯಾವಾಗಲೂ ಹೇಸುತ್ತಿದ್ದಳು, ಈಗ ತನ್ನನ್ನು ಕಂಡೇ ಹೇಸಿಕೆಯಾಯಿತು.

ತನ್ನ ಕೋಣೆಗೆ ವಾಪಸು ಬಂದಳು. ನರ್ಸಮ್ಮ ಲೋಟ ಹಿಡಿದುಕೊಂಡೇ ಕೂತಿದ್ದರು. ಈಗ ಸುಮ್ಮನಿದ್ದುಬಿಡಬಹುದಿತ್ತು. ಸಾಹುಕಾರ ನಿಜವಾಗಿಯೂ ಯಂತ್ರ ತಂದಾನು, ಸಾಲ ತೀರಿಸಿಯಾನು; ಆಕಾಶ ನೋಡಿಕೊಂಡು ಹೀಗೆ ಎಷ್ಟು ಬೇಕಾದರೂ ಅಂದುಕೊಳ್ಳಬಹುದು. ತಂಗಿ ಬಾಗಿಲು ಹಾಕಿ, ನಿಂತೇ ಹೇಳಿದಳು. ಫ್ಯಾಕ್ಟರಿಯಲ್ಲಿ ಕಂಡದ್ದು ಹೇಳಿದಳು, ವರದಿಯಲ್ಲಿರುವ ಸಹಿ ತಾನು ಹಾಕಿದ್ದಲ್ಲ ಎಂದಳು, ಅದು ಹೇಗೆ ಬಿತ್ತು ಎಂದೂ ಹೇಳಿದಳು.

ನರ್ಸಮ್ಮ ಅಳುತ್ತಾರೆ, ತಮ್ಮನಿಗೆ ಶಾಪ ಹಾಕುತ್ತಾರೆ ಎಂದುಕೊಂಡಿದ್ದಳು. ಅವರು ಲೋಟವನ್ನು ಮೇಜಿನ ಮೇಲಿಟ್ಟು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನನ್ನ ತಮ್ಮ ಎಂಥೋನು ಅಂತ ನಂಗೆ ಚಿಕ್ಕಂದಿನಿಂದ ಗೊತ್ತು,” ಅಂದರು. “ಅವನನ್ನ ನಂಬೋಕಾಗಲ್ಲ ಅಂತಾನೇ ನಿಮ್ಮ ಸಹಿ ಕೇಳಿದ್ದು. ಅವನು ಮೋಸ ಮಾಡಿದ್ದಕ್ಕೆ ನಂಗೆ ಆಶ್ಚರ್ಯ ಇಲ್ಲ ಅಮ್ಮ. ನಾನು ನಂಬಿದ್ದು ನಿಮ್ಮನ್ನ.”

ತಂಗಿ ಕೈಯಲ್ಲಿದ್ದ ಜೆರಾಕ್ಸ್ ಪ್ರತಿಯನ್ನು ಅವರ ಮುಂದಿಟ್ಟಳು. ನರ್ಸಮ್ಮ ಅದನ್ನು ಎತ್ತಿಕೊಂಡು ಎದ್ದರು.

“ಸಾಲದ ದುಡ್ಡು ನಾಳೆ ಬಿಡುಗಡೆ ಅಂದಿದ್ದಾರೆ. ಬ್ಯಾಂಕು ಇನ್ನೂ ತೆಗೆದಿರುತ್ತೆ. ನಡೀರಿ.”

ಇಬ್ಬರೂ ಮೆಟ್ಟಿಲಿಳಿದು, ಅಂಗಡಿ ಸಾಲಿನ ಬಿಸಿಲಿನಲ್ಲಿ ನಡೆದರು. ನರ್ಸಮ್ಮ ಮುಂದೆ, ತಂಗಿ ಹಿಂದೆ. ದಾರಿಯುದ್ದಕ್ಕೂ ಅವಳಿಗೆ ನೆನಪಾಗುತ್ತಿದ್ದುದು ನೆಂಟರ ಮುಖಗಳು. ಮೊದಲು ಪಾಸಾಗಲಿಲ್ಲ ಎಂದು ಆಡಿಕೊಂಡರು, ಈಗ ಪಾಸಾದದ್ದನ್ನೂ ಉಳಿಸಿಕೊಳ್ಳಲಿಲ್ಲ ಎಂದು ಆಡಿಕೊಳ್ಳುತ್ತಾರೆ. ತಿರುಗಿ ಹೋಗಿಬಿಡಲೇ ಎಂದು ಒಂದೆರಡು ಸಲ ಅನ್ನಿಸಿತು. ನರ್ಸಮ್ಮ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ, ಇವಳು ಬರುತ್ತಾಳೋ ಇಲ್ಲವೋ ಎಂಬುದು ಇವಳ ಯೋಗ್ಯತೆಗೆ ಬಿಟ್ಟದ್ದು ಎಂಬ ಹಾಗೆ.

ವಿಷಯ ಕೇಳಿ ಬ್ಯಾಂಕಿನ ಮ್ಯಾನೇಜರು ಮೊದಲು ನಕ್ಕ, ಆಮೇಲೆ ಬಾಗಿಲು ಹಾಕಿಕೊಂಡು ಬಂದು ಕೂತ. ಫೈಲು ತರಿಸಿ ಆ ಚೌಕದೊಳಗಿನ ಸಹಿಯನ್ನು ತೋರಿಸಿದ.

“ಮೇಡಂ, ಯೋಚನೆ ಮಾಡಿ ಮಾತಾಡಿ. ಇದು ನೀವು ಹಾಕಿದ್ದಲ್ಲ ಅಂತೀರಿ. ನಿಮ್ಮ ಹೆಸರಿನ ವರದಿಗಳು ನಮ್ಮ ಬೀರುವಿನಲ್ಲಿ ಇನ್ನೂ ಬೇಕಾದಷ್ಟು ಇವೆ. ಅವು?”

ಇಲ್ಲೊಂದು ಕಿಂಡಿ ಇತ್ತು. ಅವೆಲ್ಲ ತನ್ನವೇ, ಇದೊಂದು ಮಾತ್ರ ಅಣ್ಣ ಕದ್ದು ಹಾಕಿದ್ದು ಎಂದರೆ ಲೈಸೆನ್ಸ್ ಉಳಿದರೂ ಉಳಿಯುತ್ತಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮ್ಯಾನೇಜರೂ ಅದನ್ನೇ ಬಯಸಿದ್ದ. ಬೀರುವಿನಲ್ಲಿರುವ ವರದಿಗಳನ್ನೆಲ್ಲ ನಂಬಿ ಸಾಲ ಕೊಟ್ಟವನು ಅವನೇ ತಾನೆ. ಹೂಂ ಅನ್ನಿ ಎಂದು ಅವನ ಹುಬ್ಬುಗಳು ಬೇಡಿಕೊಳ್ಳುತ್ತಿದ್ದವು.

“ಅವೂ ನಾನು ಹಾಕಿದ್ದಲ್ಲ,” ಅಂದಳು ತಂಗಿ. “ಸರಿಯಾಗಿ ಓದಿದ್ದೂ ಇಲ್ಲ. ಡಾಂಗಲ್ಲೂ ಪಿನ್ನೂ ನಾನೇ ಆಫೀಸಿಗೆ ಕೊಟ್ಟುಬಿಟ್ಟಿದ್ದೆ.”

ಮ್ಯಾನೇಜರು ಉಸಿರು ಬಿಟ್ಟು, ಒಂದು ಬಿಳಿ ಹಾಳೆಯನ್ನು ಅವಳತ್ತ ತಳ್ಳಿದ. ಬರೆದುಕೊಡಿ ಅಂದ. ಅವಳು ಬರೆದಳು. ಐಸಿಲ್ಲದ ಫ್ಯಾಕ್ಟರಿ, ಟೈರು ತುಂಬಿದ ತೊಟ್ಟಿ, ಬಿಸ್ಕತ್ತಿನ ಡಬ್ಬಿ, ಎಲ್ಲವನ್ನೂ ಒಂದೂ ಬಿಡದೆ ಬರೆದು, ಮೊದಲಿನಿಂದ ಕೊನೆಯವರೆಗೆ ಓದಿ, ಒಂದು ಕಡೆ ತಿದ್ದಿ, ಪೆನ್ನಿನಿಂದ ಸಹಿ ಹಾಕಿದಳು. ಬರೆದದ್ದು ಮುಗಿದಾಗ ಅವಳಿಗೆ ತಾನು ಇನ್ನು ಆಡಿಟರ್ ಅಲ್ಲ ಎಂಬುದು ಖಚಿತವಾಗಿ ಗೊತ್ತಿತ್ತು.

ನರ್ಸಮ್ಮ ತಮ್ಮ ಜಾಮೀನು ಕಾಗದವನ್ನು ಮ್ಯಾನೇಜರನ ಕೈಯಿಂದ ವಾಪಸು ಇಸಿದುಕೊಂಡು, ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಕನ್ನಡಕ ಏರಿಸಿ, ತಂಗಿ ಬರೆದ ಹಾಳೆಯನ್ನು ಎಳೆದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಕೊನೆಯವರೆಗೆ ಓದಿದರು. ಸಹಿಯ ಮೇಲೆ ಬೆರಳು ನಿಲ್ಲಿಸಿ ತಲೆಯೆತ್ತಿದರು.

“ಇದನ್ನಾದ್ರೂ ಓದಿ ಹಾಕಿದ್ರಾ?”

ತಂಗಿ ಹೌದೆಂದಳು.